ಷಡ್ಜ ನುಂಗುವ ಮೈಕು

ಮಾತಾಡಿದರೆ ಕೇಳುತ್ತದೆ, ಹಾಡಿದರೆ ಕೇಳುವುದಿಲ್ಲ. ಲ್ಯಾಪ್‌ಟಾಪಿನ ಒಳಮೈಕಿನ ಬಗ್ಗೆ ಈಚೆಗೆ ಪದೇ ಪದೇ ನನ್ನ ಕಿವಿಗೆ ಬೀಳುವ ದೂರು ಇದು. ಆನ್‌ಲೈನಿನಲ್ಲಿ ಸಂಗೀತ ಕಲಿಸುವವರು ಹೇಳುತ್ತಾರೆ, ಕಲಿಯುವ ಮಕ್ಕಳ ತಾಯಂದಿರು ಹೇಳುತ್ತಾರೆ, ಮಳೆಗಾಲದಲ್ಲಿ ಮನೆಯಿಂದಲೇ ತಾಳಮದ್ದಳೆ ಬಿತ್ತರಿಸುವ ಭಾಗವತರೂ ಹೇಳುತ್ತಾರೆ. ಯಂತ್ರವನ್ನು ಅಂಗಡಿಗೆ ಒಯ್ದರೆ ‘ಮೈಕ್ ಹೋಗಿದೆ, ಬೋರ್ಡ್ ಹಾಕಬೇಕು’ ಎಂಬ ತೀರ್ಪು ಸಿಗುತ್ತದೆ. ಬಹಳಷ್ಟು ಸಲ ಮೈಕ್ ಸರಿಯಾಗಿಯೇ ಇರುತ್ತದೆ. ಅದು ಹಿಡಿದ ಸ್ವರವನ್ನು ಒಳಗಿನ ಇನ್ನೊಂದು ಲೆಕ್ಕಾಚಾರ ಅಳಿಸಿಹಾಕುತ್ತಿರುತ್ತದೆ. ದುಡ್ಡು ಕೊಟ್ಟು ಕೊಂಡವರಿಗೆ ಅಂಥದ್ದೊಂದು ಒಳಗೆ ಕೂತಿದೆ ಎಂದು ಯಾರೂ ಹೇಳಿರುವುದಿಲ್ಲ, ಅದನ್ನು ನಿಲ್ಲಿಸುವುದು ಎಲ್ಲಿ ಎಂದೂ ಹೇಳಿರುವುದಿಲ್ಲ. ರಿಪೇರಿಯ ಮಾತಿಗೂ ಮೊದಲು, ಏನು ಕೆಟ್ಟಿದೆ ಎಂದು ತಿಳಿಯುವುದು ಯಂತ್ರ ಕೊಂಡವರ ಹಕ್ಕು. ಕಂಪನಿ, ಅಂಗಡಿ, ಸರ್ಕಾರ ಮೂರೂ ಇದನ್ನು ಬರಹದಲ್ಲಿ ಒಪ್ಪಬೇಕು ಎಂದು ಕೇಳುವುದಕ್ಕೆ ಈ ಲೇಖನ.

ನಾನಿರುವುದು ಶಿರಸಿ ತಾಲ್ಲೂಕಿನ ಹುಲಗೋಳದಲ್ಲಿ. ಶಾಲ್ಮಲೆಯ ಸಹಸ್ರಲಿಂಗಕ್ಕೆ ಹೋಗಿಬಂದವರಿಗೆ ಊರಿನ ಹೆಸರು ಪರಿಚಯವಿರಬಹುದು. ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ನಮ್ಮ ಸೀಮೆಗೆ ಇದು ಹೊರಗಿನ ಸಂಗೀತವಲ್ಲ. ಧಾರವಾಡ ಒಂದು ಹಗಲಿನಲ್ಲಿ ಹೋಗಿಬರುವ ದೂರ. ಬಸವರಾಜ ರಾಜಗುರುಗಳ ಶಿಷ್ಯರಾದ ಗಣಪತಿ ಭಟ್ ಹಾಸಣಗಿಯವರು ಪಕ್ಕದ ಯಲ್ಲಾಪುರ ತಾಲ್ಲೂಕಿನವರು. 2020ರ ಲಾಕ್‌ಡೌನಿನವರೆಗೆ ನನ್ನ ಜಗಲಿಯಲ್ಲಿ ಕೂತು ಕಲಿಯುತ್ತಿದ್ದವರು ಸುತ್ತಲಿನ ಊರಿನ ಮಕ್ಕಳು. ಆಮೇಲೆ ಊರು ಬಿಟ್ಟುಹೋದ ಮನೆಗಳ ಮಕ್ಕಳೂ ಪರದೆಯ ಮೇಲೆ ಬಂದರು. ಬೆಂಗಳೂರು, ಪುಣೆ, ಕ್ಯಾಲಿಫೋರ್ನಿಯಾ. ಶನಿವಾರ ಬೆಳಗ್ಗೆ ಇಲ್ಲಿ ಏಳು ಗಂಟೆಯೆಂದರೆ ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಶುಕ್ರವಾರ ಸಂಜೆ ಆರೂವರೆ. ಅವರ ಸಂಜೆಗೆಂದು ನಾನು ಬೆಳಗಿನ ಹೊತ್ತೇ ಯಮನ್ ಹಿಡಿಯುತ್ತೇನೆ. ಆ ಹೊಂದಾಣಿಕೆ ನನಗೆ ಇಷ್ಟವೇ. ಸಂಗೀತ ಊರು ಬಿಟ್ಟವರ ಮನೆಗೂ ತಲುಪುತ್ತದಲ್ಲ ಎಂಬ ಸಂತೋಷ ಅದಕ್ಕಿಂತ ದೊಡ್ಡದು.

ದೋಷ ನನ್ನ ಗಮನಕ್ಕೆ ಬಂದದ್ದು ಬೆಂಗಳೂರಿನ ಒಂದು ಹುಡುಗಿಯಿಂದ. ಭೈರವ ಶುರುಮಾಡಿದ್ದೆವು. ಭೈರವದ ಕೋಮಲ ರಿಷಭ ನಿಂತ ಸ್ವರವಲ್ಲ. ಅದು ನಿಧಾನವಾಗಿ ತೂಗಬೇಕು, ತೂಗುತ್ತಲೇ ಷಡ್ಜಕ್ಕೆ ಇಳಿಯಬೇಕು. ರಾಗದ ಜೀವ ಇರುವುದೇ ಆ ಆಂದೋಲನದಲ್ಲಿ. ನಾನು ಉಸಿರು ತುಂಬಿ ಹಾಡಿದರೆ ಹುಡುಗಿ ರಿಷಭವನ್ನು ಮುಟ್ಟಿದ್ದೇ ಬಿಟ್ಟುಬಿಡುತ್ತಿದ್ದಳು. ಇನ್ನೊಮ್ಮೆ ಹಾಡಿ ತೋರಿಸಿದೆ, ಮತ್ತೆ ಹಾಗೆಯೇ. ಜಾಣ ಹುಡುಗಿ, ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುವವಳು. ಅವಳ ಸಪ್ಪಗಿನ ಉತ್ತರ ಬಂತು: ‘ಅಕ್ಕಾ, ನೀವೂ ಅಲ್ಲಿಗೇ ಬಿಡ್ತ್ರಿ. ಮುಂದೆ ಎಂಥದೂ ಕೇಳ್ತಿಲ್ಲೆ.’ ನನ್ನ ರಿಷಭ ಅವಳಿಗೆ ತಲುಪುತ್ತಿದ್ದುದೇ ಅಷ್ಟು. ತುಂಡಾದ ಸ್ವರವನ್ನು ಅವಳು ತುಂಡಾಗಿಯೇ ಕಲಿಯುತ್ತಿದ್ದಳು, ಅದೂ ಅತ್ಯಂತ ಶ್ರದ್ಧೆಯಿಂದ. ಮಾತು ಮಾತ್ರ ಇಬ್ಬರಿಗೂ ಸ್ಪಷ್ಟ. ಅವತ್ತು ನನಗಾದ ಸಂಕಟವೇ ಇದನ್ನೆಲ್ಲ ಬೆನ್ನುಹತ್ತಿಸಿತು.

ನಮ್ಮ ಕಡೆ ಇಂಥದ್ದೇನಾದರೂ ಆದರೆ ಮೊದಲು ಬೈಸಿಕೊಳ್ಳುವುದು ನೆಟ್‌ವರ್ಕ್. ಮರ ಬಿದ್ದು ಫೈಬರ್ ಕಡಿಯುವುದು, ಕರೆಂಟ್ ಹೋದರೆ ಟವರ್ ಮಲಗುವುದು ಇಲ್ಲಿ ದಿನನಿತ್ಯದ ಸಂಗತಿಯಾದ್ದರಿಂದ ಆ ಅನುಮಾನ ಸಹಜ. ಆದರೆ ನೆಟ್‌ವರ್ಕ್ ಕೆಟ್ಟರೆ ಮಾತು, ಹಾಡು, ಚಿತ್ರ ಎಲ್ಲವೂ ಒಟ್ಟಿಗೇ ಕೆಡುತ್ತವೆ. ಮಾತು ನೆಟ್ಟಗಿದ್ದು ಉದ್ದದ ಸ್ವರ ಮಾತ್ರ ಮಾಯವಾಗುತ್ತಿದೆ ಎಂದರೆ ಕಾರಣ ಬೇರೆ ಕಡೆ ಇದೆ. ಅದನ್ನು ಖಾತ್ರಿ ಮಾಡಿಕೊಳ್ಳುವ ದಾರಿ ಸುಲಭ. ಇಂಟರ್‌ನೆಟ್ ತೆಗೆದುಬಿಡಿ. ಲ್ಯಾಪ್‌ಟಾಪಿನಲ್ಲೇ ಇರುವ ಸೌಂಡ್ ರೆಕಾರ್ಡರ್ ತೆರೆದು ನಾಲ್ಕು ಮಾತು ಆಡಿ, ಸ್ವಲ್ಪ ಸುಮ್ಮನಿರಿ, ತಾನ್ಪುರ ಒಂದನ್ನೇ ನುಡಿಸಿ, ಕಡೆಗೆ ಒಂದೇ ಉಸಿರಿನಲ್ಲಿ ಆಕಾರದ ಷಡ್ಜ ಹಿಡಿಯಿರಿ. ಕೇಳುವಾಗ ಹೆಡ್‌ಫೋನ್ ಹಾಕಿಕೊಳ್ಳಿ. ಯಾಕೆಂದರೆ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿಗೆ ಮಂದ್ರ ಸಪ್ತಕ ನುಡಿಸುವ ಶಕ್ತಿ ಇರುವುದಿಲ್ಲ. ಕಪ್ಪು ನಾಲ್ಕರಲ್ಲಿ ಹಾಡುವ ಹೆಂಗಸಿನ ಮಧ್ಯ ಷಡ್ಜ ಸುಮಾರು 208 ಹರ್ಟ್ಸ್, ಮಂದ್ರ ಷಡ್ಜ 104. ಆ ಕೆಳಗಿನದ್ದು ಸ್ಪೀಕರಿನಲ್ಲಿ ಕೇಳದಿದ್ದರೆ ಮೈಕನ್ನು ದೂರುವ ಹಾಗಿಲ್ಲ.

ನನ್ನ ಯಂತ್ರದಲ್ಲಿ ಧ್ವನಿಮುದ್ರಣ ಕೇಳಿದಾಗ ಚಿತ್ರ ಸ್ಪಷ್ಟವಾಯಿತು. ಮಾತು ಪೂರ್ತಿ ಇದೆ. ತಾನ್ಪುರ ಮೊದಲ ಸುತ್ತಿನಲ್ಲಿ ಕೇಳಿ, ಆಮೇಲೆ ತಳಕ್ಕಿಳಿದು, ಇಲ್ಲವೇ ಇಲ್ಲವೆಂಬಷ್ಟಾಯಿತು. ಷಡ್ಜ ಗಟ್ಟಿಯಾಗಿ ಹುಟ್ಟಿ ಎರಡು ಮೂರು ಸೆಕೆಂಡಿನೊಳಗೆ ಕರಗಿತು. ಉಸಿರು ತಿರುಗಿಸಿದ ಕೂಡಲೇ ಮತ್ತೆ ಹುಟ್ಟಿತು. ಕೆಟ್ಟ ಮೈಕು ಹೀಗೆ ನಡೆದುಕೊಳ್ಳುವುದಿಲ್ಲ. ಕೆಟ್ಟದ್ದಕ್ಕೆ ಮಾತು ಯಾವುದು ಸ್ವರ ಯಾವುದು ಎಂದು ವಿಂಗಡಿಸುವ ವಿವೇಕ ಎಲ್ಲಿಂದ ಬರಬೇಕು? ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಎಂದು ಒಳಗೆ ಯಾರೋ ನಿರ್ಧರಿಸುತ್ತಿದ್ದಾರೆ ಎಂಬುದು ಅಲ್ಲಿಗೆ ಸಾಬೀತು.

ಆ ನಿರ್ಧಾರದ ಹಿಂದಿನ ತರ್ಕವನ್ನು ಸಂಗೀತ ಬಲ್ಲವರೆಲ್ಲ ತಿಳಿದಿರಬೇಕು. ಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರ ಹೊರಳುತ್ತವೆ; ಧ್ವನಿ ಏರುತ್ತದೆ, ಬೀಳುತ್ತದೆ, ನಡುವೆ ಸಣ್ಣ ಸಣ್ಣ ಬಿಡುವು. ಫ್ಯಾನಿನ ಸದ್ದು, ಫ್ರಿಜ್ಜಿನ ಗುಂಯ್‌ಗುಡುವಿಕೆ ಇವೆಲ್ಲ ಬದಲಾಗದೆ ಒಂದೇ ಸಮ ಇರುತ್ತವೆ. ಹಾಗಾಗಿ ಬದಲಾಗುವುದು ಮಾತು, ಬದಲಾಗದೆ ನಿಂತದ್ದು ಗದ್ದಲ ಎಂದು ಎಂಜಿನಿಯರುಗಳು ಗಣಿತ ಕಟ್ಟಿದರು. 1979ರಲ್ಲಿ ಸ್ಟೀವನ್ ಬೋಲ್ ಪ್ರಕಟಿಸಿದ ವಿಧಾನದ ತಿರುಳು ಇದೇ: ಮಾತಿನ ಬಿಡುವಿನಲ್ಲಿ ಉಳಿಯುವ ಸದ್ದನ್ನು ಅಳೆದು, ಅದನ್ನು ಇಡೀ ಧ್ವನಿಯಿಂದ ಕಳೆಯುವುದು. ಈಗಿನವು ಕೃತಕ ಬುದ್ಧಿಮತ್ತೆಯ ಜಾಲಗಳು. ಸಾವಿರಾರು ತಾಸಿನ ಮಾತು ಮತ್ತು ಗದ್ದಲ ಕೇಳಿಸಿ ತರಬೇತಿ ಕೊಟ್ಟಂಥವು. ಕಚೇರಿಯ ಸಭೆಗೆ, ಕಾಲ್ ಸೆಂಟರಿಗೆ ಇದರಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯಲಾರೆ. ಹೆಂಚಿನ ಮೇಲೆ ಮಳೆ ಬಡಿಯುತ್ತಿರುವಾಗ ಮನೆಯಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುವ ನಮ್ಮೂರ ಹುಡುಗರ ಮಾತು ಆಚೆಯವರಿಗೆ ತಿಳಿಯಾಗಿ ಕೇಳುವುದು ಇದರಿಂದಲೇ. ಆದರೆ ತಾನ್ಪುರದ ಗುಣವೇ ಬದಲಾಗದೆ ನಿಲ್ಲುವುದು. ನಮ್ಮ ಸಾಧನೆಯ ಗುರಿಯೇ ಅಲುಗದ ಷಡ್ಜ. ಹತ್ತು ವರ್ಷ ಖರಜ ತಿದ್ದಿ ಸ್ವರವನ್ನು ನಿಲ್ಲಿಸಲು ಕಲಿತವರನ್ನೇ ಈ ಗಣಿತ ಎಲ್ಲರಿಗಿಂತ ಮೊದಲು ಹೊರಗೆ ಹಾಕುತ್ತದೆ.

ಇಂಥ ಪದರಗಳು ಒಂದರ ಮೇಲೊಂದು ಮೂರಿರುತ್ತವೆ ಎಂಬುದು ಹುಡುಕುತ್ತಾ ಹೋದಾಗ ಗೊತ್ತಾಗುವ ಸಂಗತಿ. ಮೊದಲನೆಯದು ವಿಂಡೋಸ್‌ನಲ್ಲಿ. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂದು ಒಳಹೊಕ್ಕು, ಇನ್‌ಪುಟ್ ಎಂಬಲ್ಲಿರುವ ಮೈಕ್ರೊಫೋನನ್ನು ಒತ್ತಿದರೆ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಎಂಬ ಸಾಲು ಕಾಣುತ್ತದೆ. ಅದನ್ನು ಆಫ್ ಮಾಡಬೇಕು. ಎರಡನೆಯದು ಲ್ಯಾಪ್‌ಟಾಪ್ ಕಂಪನಿ ತಾನೇ ತುಂಬಿಸಿ ಕಳಿಸಿದ ಆಡಿಯೋ ತಂತ್ರಾಂಶದಲ್ಲಿ. ಎಐ ನಾಯ್ಸ್ ಕ್ಯಾನ್ಸಲೇಶನ್ ಎಂದೋ, ಬೇರೆ ಚಂದದ ಹೆಸರಿನಲ್ಲೋ ಅದು ಕೂತಿರುತ್ತದೆ. ಯಂತ್ರದಿಂದ ಯಂತ್ರಕ್ಕೆ ಜಾಗ ಬೇರೆ, ಹೆಸರು ಬೇರೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಈ ಎರಡನೆಯದೇ, ಅತಿ ಕಷ್ಟದಲ್ಲಿ ಸಿಗುವುದೂ ಇದೇ. ಮೂರನೆಯದು ನಾವು ಪಾಠಕ್ಕೆ ಬಳಸುವ ಆ್ಯಪಿನೊಳಗೆ. ಗೂಗಲ್ ಮೀಟ್‌ನಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಬಿಡಿಸುವ ಗುಂಡಿ ಇದೆ. ಝೂಮ್ 2020ರಲ್ಲೇ ಸಂಗೀತಗಾರರಿಗೆಂದು ಪ್ರತ್ಯೇಕ ವ್ಯವಸ್ಥೆ ತಂದಿತು. ಈಗ ಅದು ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಎಂಬ ಹೆಸರಿನಲ್ಲಿದೆ. ಆ್ಯಪಲ್‌ನವರು 2021ರ ಮ್ಯಾಕ್ ಆವೃತ್ತಿಯಿಂದ ಮೈಕ್ ಮೋಡ್ ಎಂದು ಪರದೆಯ ಮೇಲೇ ಕೊಟ್ಟಿದ್ದಾರೆ, ಮಾತು ಮಾತ್ರ ಬೇಕೋ ಸುತ್ತಲಿನದ್ದೆಲ್ಲ ಬೇಕೋ ಆರಿಸಿಕೊಳ್ಳಬಹುದು. ಅಂದರೆ ಮನಸ್ಸು ಮಾಡಿದರೆ ಮಾಡಲಿಕ್ಕೆ ಆಗುತ್ತದೆ ಎಂದಾಯಿತು.

ಮೂರೂ ಪದರ ತೆಗೆದಾಗ ನನ್ನ ಷಡ್ಜ ಹಿಂದಿರುಗಿತು. ಸ್ವಲ್ಪ ಸುಂಯ್ ಎಂಬ ಸದ್ದಿನೊಂದಿಗೆ, ಮಳೆಯೊಂದಿಗೆ, ಹಿತ್ತಲಲ್ಲಿ ದನ ಕೂಗಿದ್ದರೊಂದಿಗೆ. ಇರಲಿ. ಬೆಂಗಳೂರಿನ ಹುಡುಗಿಗೆ ರಿಷಭದ ತೂಗಾಟ ಕೇಳಿತು. ಅವಳ ಯಂತ್ರದಲ್ಲೂ ಹಾಗೇ ತೆಗೆಸಿದ ಮೇಲೆ ಅವಳ ರಿಷಭ ಎಲ್ಲಿ ತುಸು ಏರಿ ಕೂರುತ್ತಿದೆ ಎಂದು ನನಗೂ ಮೊದಲ ಬಾರಿಗೆ ಕೇಳಿತು. ಇದು ಎರಡೂ ಕಡೆಯ ವಿಷಯ. ಕಲಿಸುವವಳ ಸ್ವರ ಮಗುವಿಗೆ ಹೋಗಬೇಕು. ಮಗುವಿನ ಸ್ವರ, ಅದರ ನಡುಕ, ಅದು ಶ್ರುತಿ ತಪ್ಪುವ ಕ್ಷಣ ಕೂಡ ಇತ್ತ ಬರಬೇಕು. ಕೇಳದ್ದನ್ನು ತಿದ್ದುವುದು ಯಾವ ಗುರುವಿನಿಂದಲೂ ಆಗದು. ಮೊದಲೇ ಈ ದೂರದ ಪಾಠದಲ್ಲಿ ಜೊತೆಗೂಡಿ ಹಾಡುವ ಭಾಗ್ಯವಿಲ್ಲ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಹದಿಮೂರು ಹದಿನಾಲ್ಕು ಸಾವಿರ ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡಿದರೂ ಹೋಗಿಬರಲು 130 ಮಿಲಿಸೆಕೆಂಡಿನಷ್ಟು ಬೇಕೇ ಬೇಕು, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ತಾಳ ಕೂಡುವುದಿಲ್ಲ. ಅದು ಭೂಮಿಯ ಅಳತೆ, ಒಪ್ಪಿಕೊಳ್ಳಬೇಕು. ಸ್ವರ ಅಳಿಸಿಹೋಗುವುದು ಹಾಗಲ್ಲ, ಅದು ಯಾರೋ ಕೂತು ತೆಗೆದುಕೊಂಡ ತೀರ್ಮಾನ.

ಮೈಕು ನಿಜವಾಗಿ ಕೆಡುವುದೂ ಉಂಟು. ನಮ್ಮ ಕಡೆ ಅದಕ್ಕೆ ಮುಖ್ಯ ಕಾರಣ ತೇವ. ಶಿರಸಿಯ ಸುತ್ತ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಬಳಸಬಹುದಾದ ತೇವಾಂಶದ ಮಿತಿ ಎಂದು ಶೇಕಡಾ 90ರ ಆಚೀಚೆಯ ಒಂದು ಅಂಕಿ ಇರುತ್ತದೆ, ಅದೂ ಹನಿಗಟ್ಟಬಾರದು ಎಂಬ ಷರತ್ತಿನ ಮೇಲೆ. ಆಷಾಢದ ಬೆಳಗಿನ ಜಾವ ಹುಲಗೋಳದ ಗಾಳಿ ಆ ಮಿತಿಯನ್ನು ದಾಟಿರುವುದು ವಿಶೇಷವೇನೂ ಅಲ್ಲ. ಚಪ್ಪಲಿಗೆ ಬೂಷ್ಟು ಬರುತ್ತದೆ, ಪುಸ್ತಕದ ರಟ್ಟಿಗೆ ಬರುತ್ತದೆ, ಹೆಡ್‌ಫೋನ್ ಚುಚ್ಚುವ ತೂತಿನೊಳಗೆ ಹಸಿರು ಕಿಲುಬು ಕೂರುತ್ತದೆ. ಆ ತೂತಿನಲ್ಲೊಂದು ಸಣ್ಣ ಸ್ಪರ್ಶಪಟ್ಟಿ ಇದೆ. ಹೆಡ್‌ಸೆಟ್ ಚುಚ್ಚಿದ್ದಾರೋ ಇಲ್ಲವೋ ಎಂದು ಯಂತ್ರಕ್ಕೆ ತಿಳಿಸುವುದು ಅದರ ಕೆಲಸ. ಅದು ಕಿಲುಬು ಹಿಡಿದು ಅಂಟಿಕೊಂಡರೆ, ಏನನ್ನೂ ಚುಚ್ಚದಿದ್ದರೂ ಹೆಡ್‌ಸೆಟ್ ಇದೆ ಎಂದು ನಂಬಿ ಯಂತ್ರ ಒಳಮೈಕನ್ನು ಬದಿಗಿಡಬಹುದು. ಹೊರಗಿನಿಂದ ನೋಡಿದವರಿಗೆ ಮೈಕ್ ಸತ್ತಂತೆಯೇ ಕಾಣುತ್ತದೆ. ಒಂದು ಹಳೆಯ ಹೆಡ್‌ಸೆಟ್ಟನ್ನು ಮೆಲ್ಲಗೆ ಚುಚ್ಚಿ ತೆಗೆದರೆ ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ.

ಒಳಮೈಕಿನ ತೂತು ಒಂದು ಮಿಲಿಮೀಟರಿಗೂ ಕಮ್ಮಿ. ಪರದೆಯ ಮೇಲಂಚಿನಲ್ಲಿ, ಕ್ಯಾಮೆರಾದ ಎರಡೂ ಬದಿಗೆ ಒಂದೊಂದು ಇರುವುದು ಸಾಮಾನ್ಯ. ಕೆಲವು ಯಂತ್ರಗಳಲ್ಲಿ ಕೀಲಿಮಣೆಯ ಹತ್ತಿರ. ತೂತಿನ ಹಿಂದೆ ಸಿಲಿಕಾನಿನ ತೆಳು ಪೊರೆ. ಎರಡು ಮೈಕು ಇಡುವ ಉದ್ದೇಶ ಎದುರು ಕೂತವರ ಧ್ವನಿಯನ್ನು ಆರಿಸಿ, ಬದಿಯಿಂದ ಬರುವುದನ್ನು ತಗ್ಗಿಸುವುದು. ತಾನ್ಪುರ ಇರುವುದು ಬದಿಯಲ್ಲೇ ಅಲ್ಲವೇ, ಅದೂ ಅದಕ್ಕೆ ಕಂಟಕ. ಎರಡರಲ್ಲಿ ಒಂದಕ್ಕೆ ದೂಳು, ತೇವ ಸೇರಿ ಮುಚ್ಚಿಹೋದರೆ ಸದ್ದು ಪೂರ್ತಿ ನಿಲ್ಲುವುದಿಲ್ಲ. ದೂರದಲ್ಲಿ ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ಹಾಡಿದ ಹಾಗೆ ಮಂಕಾಗುತ್ತದೆ. ಮೃದುವಾದ ಒಣ ಬ್ರಷ್ಷಿನಿಂದ ಹೊರಗಡೆಯಷ್ಟೇ ಸವರಬೇಕು. ಸೂಜಿ ಹಾಕಿದರೆ ಪೊರೆ ಹರಿಯುತ್ತದೆ, ಆಮೇಲೆ ಯಾರಿಂದಲೂ ಸರಿಮಾಡಲಾಗದು. ಪರದೆಯನ್ನು ಹಿಂದೆ ಮುಂದೆ ಮಡಿಸಿದಾಗ ಸದ್ದು ಹೋಗಿಬಂದು ಮಾಡಿದರೆ ಕೀಲಿನ ಒಳಗಿಂದ ಹಾದುಹೋಗುವ ತಂತಿ ಸವೆದಿದೆ ಎಂದು ಊಹಿಸಬಹುದು. ಚೂರೂ ಸದ್ದಿಲ್ಲವೆಂದರೆ ಕೀಲಿಮಣೆಯ ಮೇಲುಸಾಲಿನಲ್ಲಿ ಮೈಕಿಗೆ ಅಡ್ಡಗೀಟು ಹಾಕಿದ ಗುಂಡಿ ಒತ್ತಿಹೋಗಿದೆಯೇ, ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಮೈಕಿನ ಅನುಮತಿ ತೆಗೆದಿದೆಯೇ ಎಂದು ನೋಡಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಇನ್ನೊಂದು ಒಳ್ಳೆಯ ಪರೀಕ್ಷೆ ಇದೆ. ಪೆನ್‌ಡ್ರೈವಿನಲ್ಲಿ ವಿಂಡೋಸಿನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಉಬುಂಟು ಹಾಕಿ, ವಿಂಡೋಸನ್ನು ಮುಟ್ಟದೆ ಅದರಿಂದಲೇ ಯಂತ್ರ ಚಾಲೂ ಮಾಡಿ ಧ್ವನಿ ಮುದ್ರಿಸುವುದು. ಅಲ್ಲಿ ಮೈಕ್ ಕೇಳಿಸಿಕೊಂಡರೆ ಯಂತ್ರದ ಅಂಗ ಗಟ್ಟಿಯಾಗಿದೆ, ತೊಂದರೆ ತಂತ್ರಾಂಶದ್ದು.

ರಜೆಗೆ ಊರಿಗೆ ಬಂದಿದ್ದ ಎಂಜಿನಿಯರಿಂಗ್ ಹುಡುಗನೊಬ್ಬ ಈ ಪರೀಕ್ಷೆಯನ್ನು ನಮ್ಮ ಜಗಲಿಯಲ್ಲಿ ಮಾಡಿ ತೋರಿಸಿದ. ಯಂತ್ರ ನೆರೆಮನೆಯ ಕಾಲೇಜು ಹುಡುಗಿಯದು. ಆನ್‌ಲೈನ್ ಸಂದರ್ಶನದ ಮುನ್ನಾದಿನ ಅದರ ಮೈಕ್ ನಿಂತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಮದರ್‌ಬೋರ್ಡ್ ಬದಲಿಸಬೇಕು ಎಂದು ಹೇಳಿ, ಹೊಸ ಲ್ಯಾಪ್‌ಟಾಪಿನ ಅರ್ಧ ಬೆಲೆಯಷ್ಟು ಕೇಳಿದ್ದರು. ಏನು ಪರೀಕ್ಷಿಸಿದರು, ಯಾವ ಅಂಗದಲ್ಲಿ ಏನು ಕಂಡರು ಎಂಬ ಒಂದು ಸಾಲಿನ ಚೀಟಿಯೂ ಇಲ್ಲ. ಉಬುಂಟುವಿನಲ್ಲಿ ಅದೇ ಮೈಕ್ ಹುಡುಗಿಯ ಮಾತನ್ನು ಶುದ್ಧವಾಗಿ ಹಿಡಿಯಿತು. ವಿಂಡೋಸ್‌ನಲ್ಲಿ ಆಡಿಯೋ ಡ್ರೈವರ್ ತೆಗೆದು, ಯಂತ್ರವನ್ನು ಆರಿಸಿ ಹೊತ್ತಿಸಿ, ಕಂಪನಿಯ ಡ್ರೈವರನ್ನೇ ಮತ್ತೆ ಹಾಕಿದಾಗ ಸರಿಹೋಯಿತು. ಅವಳ ತಂದೆ ಅಡಿಕೆ ಮುಂಗಡ ಎತ್ತಿ ಆ ದುಡ್ಡು ಹೊಂದಿಸಲು ಹೊರಟಿದ್ದರು. ಈ ಮಾತನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಪರದೆಯ ಮೇಲಂಚಿನಲ್ಲಿ ಮೈಕು ಇರುವ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಕ್ಯಾಮೆರಾದ ಪುಟ್ಟ ಪಟ್ಟಿಯ ಮೇಲೆ ಕೂತಿರುತ್ತದೆ. ಕೆಟ್ಟರೆ ಆ ಪಟ್ಟಿ ಅಥವಾ ಅದರ ತಂತಿ ಬದಲಿಸಿದರೆ ಸಾಕು. ಮದರ್‌ಬೋರ್ಡಿಗೆ ಕೈಹಾಕುವ ಅಗತ್ಯ ಬರುವುದು ಅಪರೂಪಕ್ಕೆ. ಅಂಗಡಿಯ ಹುಡುಗರನ್ನಷ್ಟೇ ಇದಕ್ಕೆ ಹೊಣೆ ಮಾಡಲಾರೆ. ಅವರಲ್ಲೂ ಅನೇಕರ ಕೈಗೆ ಕಂಪನಿಯ ರಿಪೇರಿ ಕೈಪಿಡಿ ಸಿಗುವುದಿಲ್ಲ, ಆ ಪಟ್ಟಿ ಬಿಡಿಯಾಗಿ ಸಿಗುವುದಿಲ್ಲ. ಸಿಗುವುದು ದೊಡ್ಡ ಭಾಗ. ಹಾಗಾಗಿ ಹೇಳುವುದೂ ಅದನ್ನೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು ಮಳೆಗಾಲದ ನಡುವೆ ನಿಂತರೆ ನಮ್ಮಲ್ಲಿ ತೋಟದ ಬದಿಯಲ್ಲೇ ಬಿಚ್ಚುತ್ತಾರೆ. ಪಿಸ್ಟನ್ನಿನ ವಾಷರೋ, ವಾಲ್ವೋ ಎಂದು ನೋಡಿ, ಶಿರಸಿ ಪೇಟೆಗೆ ಹೋಗಿ ಅಷ್ಟನ್ನೇ ತಂದು ಹಾಕುತ್ತಾರೆ. ಪಂಪು ಮಾರುವವರು ವಾಷರನ್ನೂ ಮಾರುತ್ತಾರೆ. ಬಿಡಿಭಾಗಕ್ಕೆ ಬೆಲೆ ಪಟ್ಟಿ ಇದೆ. ಅದಕ್ಕಿಂತ ಹತ್ತು ಪಟ್ಟು ದುಡ್ಡಿನ ಲ್ಯಾಪ್‌ಟಾಪಿಗೆ ಯಾಕಿಲ್ಲ ಎಂದು ನಮ್ಮೂರಿನ ಯಾವ ರೈತ ಕೇಳಿದರೂ ಉತ್ತರ ಹೇಳಬೇಕಾದವರು ಇದ್ದಾರೆ.

ಕಾಗದದ ಮೇಲೆ ದೇಶ ಒಂದಷ್ಟು ದೂರ ಬಂದಿದೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿಯ ಹಕ್ಕಿನ ಕುರಿತು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಮೊದಲಿಗೆ ಹಿಡಿಯಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೈಪಿಡಿ, ಬಿಡಿಭಾಗ, ಸೇವಾಕೇಂದ್ರಗಳ ಮಾಹಿತಿಯನ್ನು ಕಂಪನಿಗಳು ಅಲ್ಲಿ ಹಾಕಬೇಕೆಂಬುದು ಆಶಯ. ಆಶಯವನ್ನು ಗೌರವಿಸುತ್ತೇನೆ; ಹಾಕದಿದ್ದರೆ ಏನು ಎಂಬ ಪ್ರಶ್ನೆಗೆ ಹಲ್ಲಿರುವ ಉತ್ತರ ಬೇಕಾಗಿದೆ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪಿಗೂ ರಿಪೇರಿ ಅಂಕ ನಮೂದಿಸುವುದು ಕಡ್ಡಾಯ. ಹತ್ತಕ್ಕೆ ಎಷ್ಟು ಎಂದು ಬೆಲೆಯ ಪಕ್ಕದಲ್ಲೇ ತೋರಿಸಬೇಕು, ಬಿಚ್ಚುವುದು ಸುಲಭವೇ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂಬುದರ ಮೇಲೆ ಅಂಕ. ನಮ್ಮಲ್ಲೂ ಅಂಥ ಅಂಕದ ಚರ್ಚೆ ನಡೆದಿದೆ. ಆ ಚರ್ಚೆ ಮುಗಿಯುವ ಮೊದಲು ಅದರೊಳಗೆ ಸೇರಲೇಬೇಕಾದ ಒಂದು ಅಂಶ ಇದೆ ಎನ್ನುತ್ತೇನೆ: ಕೊಂಡವರು ತಾವೇ ದೋಷ ಪತ್ತೆಹಚ್ಚಲು ಕಂಪನಿ ಎಷ್ಟು ನೆರವಾಗುತ್ತದೆ ಎಂಬುದು. ಬಿಡಿಭಾಗ ಸಿಕ್ಕೂ ದೋಷ ಯಾವುದೆಂದು ತಿಳಿಯದಿದ್ದರೆ ಏನು ಉಪಯೋಗ?

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಮೈಕಿನಿಂದ ಬಂದ ಧ್ವನಿಯನ್ನು ಬದಲಿಸುವ ಎಲ್ಲ ಪದರಗಳನ್ನೂ ಒಂದೇ ಕಡೆ ತೋರಿಸಿ, ಒಂದೇ ಗುಂಡಿಯಿಂದ ಬಿಡಿಸುವ ಹಾಗೆ ಮಾಡಲಿ. ಬಿಡಿಸಿದ್ದು ಬಿಟ್ಟೇ ಇರಲಿ. ಈಗ ಹಾಗಿಲ್ಲ, ಒಂದು ರಾತ್ರಿ ಅಪ್‌ಡೇಟ್ ಬಂದು, ಬೆಳಗ್ಗೆ ಪಾಠಕ್ಕೆ ಕೂತರೆ ಷಡ್ಜ ಮತ್ತೆ ಮಾಯ. ಕೊಂಡವರು ಆಫ್ ಮಾಡಿದ್ದನ್ನು ಅವರನ್ನು ಕೇಳದೆ ಆನ್ ಮಾಡುವ ಅಧಿಕಾರ ಕಂಪನಿಗೆ ಯಾರು ಕೊಟ್ಟರು? ವಿಂಡೋಸನ್ನು ಕನ್ನಡದಲ್ಲಿ ಇಟ್ಟುಕೊಳ್ಳಲು ಬರುತ್ತದೆ, ಆದರೆ ಕಂಪನಿಯ ಆಡಿಯೋ ತಂತ್ರಾಂಶ ನಾನು ಕಂಡ ಯಾವ ಯಂತ್ರದಲ್ಲೂ ಕನ್ನಡದಲ್ಲಿ ಇರಲಿಲ್ಲ. ಕರ್ನಾಟಕದಲ್ಲಿ ಮಾರುವ ಲ್ಯಾಪ್‌ಟಾಪಿನ ಡಬ್ಬಿಯೊಳಗೆ ಕನ್ನಡದ ಒಂದು ಹಾಳೆ ಇಡುವುದು ಎಷ್ಟು ದುಡ್ಡಿನ ಕೆಲಸ? ಮೈಕ್ ಕೇಳದಿದ್ದರೆ, ಕ್ಯಾಮೆರಾ ಕಾಣದಿದ್ದರೆ, ಟಚ್‌ಪ್ಯಾಡ್ ಅಲುಗದಿದ್ದರೆ ಏನೇನು ನೋಡಬೇಕು ಎಂದು ಅದರಲ್ಲಿರಲಿ. ರಿಪೇರಿ ಅಂಗಡಿಗಳು ಭಾಗ ಬದಲಿಸುವ ಮೊದಲು ಏನು ಪರೀಕ್ಷಿಸಿದೆವು, ಏನು ಕಂಡಿತು ಎಂದು ಬರೆದು ಕೊಡಲಿ. ತೆಗೆದ ಹಳೆಯ ಭಾಗವನ್ನು ಕೈಗೆ ಕೊಡಲಿ. ಪರೀಕ್ಷೆಗೆಂದು ಶುಲ್ಕ ತೆಗೆದುಕೊಂಡರೆ ನನ್ನ ತಕರಾರಿಲ್ಲ. ದೋಷ ಹುಡುಕುವುದು ಕಲಿತವರು ಮಾಡುವ ಕೆಲಸ, ಅದಕ್ಕೆ ಸಂಬಳ ಸಲ್ಲಬೇಕು.

‘ಇಷ್ಟೆಲ್ಲ ಯಾಕೆ, ಒಂದು ಹೊರಗಿನ ಮೈಕು ತಗೊಳ್ಳಿ’ ಎನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕಛೇರಿಗೆ, ಧ್ವನಿಮುದ್ರಣಕ್ಕೆ ಹೊರಗಿನ ಮೈಕು ಬೇಕು, ನಿಜ. ಆದರೆ ಎರಡನೇ ಮತ್ತು ಮೂರನೇ ಪದರ ಹೊರಗಿನ ಮೈಕಿನ ಧ್ವನಿಯನ್ನೂ ಬಿಡಬೇಕೆಂದಿಲ್ಲ. ದುಡ್ಡು ಸುರಿದು ಒಳ್ಳೆಯ ಮೈಕು ತಂದವರ ತಾನ್ಪುರವೂ ಆ್ಯಪಿನೊಳಗೆ ಕರಗಿದ್ದನ್ನು ನೋಡಿದ್ದೇನೆ. ಮೇಲಾಗಿ ಕಲಿಯುವ ಮಗುವಿನ ಮನೆಯಲ್ಲಿ ಅಪ್ಪನ ಆಫೀಸಿನ ಲ್ಯಾಪ್‌ಟಾಪೇ ಇರುವುದು. ಅದರ ಬೆಲೆಯಲ್ಲೇ ಮೈಕಿನ ಬೆಲೆಯೂ ಸೇರಿದೆ. ಮಾತಿಗೆ ಮಾತ್ರ ಒದಗುವ ಮೈಕು ಇದು ಎಂದು ಡಬ್ಬಿಯ ಮೇಲೆ ಬರೆದು ಮಾರಿದ್ದರೆ ಆ ಮಾತು ಬೇರೆ. ಯಕ್ಷಗಾನದವರ ಪಾ‌ಡಂತೂ ನನಗಿಂತ ಕಷ್ಟ. ಭಾಗವತರ ಏರುಪದ್ಯ ಸ್ವಲ್ಪ ಉಳಿದೀತು, ಚಂಡೆಯ ಪೆಟ್ಟನ್ನು ಈ ಗಣಿತ ಬಾಗಿಲು ಬಡಿದ ಸದ್ದಿನ ಸಾಲಿಗೆ ಸೇರಿಸುತ್ತದೆ. ಧ್ವನಿ ಸಂಶೋಧಕರಲ್ಲಿ ಈ ಅರಿವು ಮೂಡಿಲ್ಲವೆಂದಲ್ಲ. ಮೈಕ್ರೋಸಾಫ್ಟ್ 2020ರಲ್ಲಿ ಶುರುಮಾಡಿದ ಗದ್ದಲ ನಿವಾರಣೆಯ ಸ್ಪರ್ಧೆಯ ಮುಂದಿನ ವರ್ಷದ ಆವೃತ್ತಿಯಲ್ಲಿ ಹಾಡಿದ ಧ್ವನಿಯನ್ನೂ ತರಬೇತಿಗೆ ಸೇರಿಸಿದರು. ನಮ್ಮ ತಾನ್ಪುರ, ನಮ್ಮ ಆಕಾರ, ನಮ್ಮ ಮದ್ದಳೆ ಆ ತರಬೇತಿಯೊಳಗೆ ಹೋಗಬೇಕಾದರೆ ಧಾರವಾಡದ, ಮೈಸೂರಿನ ಸಂಗೀತ ವಿಭಾಗಗಳೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳೂ ಒಂದೇ ಮೇಜಿಗೆ ಕೂರಬೇಕು. ಬೇರೆಯವರು ನಮಗಾಗಿ ಅದನ್ನು ಮಾಡಿಕೊಡುತ್ತಾರೆ ಎಂದು ಕಾಯುವುದರಲ್ಲಿ ನನಗೆ ನಂಬಿಕೆಯಿಲ್ಲ.

ಮೋಸ ಹೋದವರಿಗೆ ದಾರಿ ಇಲ್ಲದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ ವಸ್ತುವಿನ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವುದನ್ನು ಗ್ರಾಹಕರ ಹಕ್ಕು ಎಂದೇ ಹೇಳಿದೆ. ಕಂಪನಿ ಎಲ್ಲೇ ಇರಲಿ, ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಅವಕಾಶ ಮಾಡಿದೆ. ನಮಗೆ ಅದು ಕಾರವಾರ. ಘಟ್ಟ ಇಳಿದು ಹೋಗಿಬರುವುದಕ್ಕೆ ಒಂದು ದಿನ ಹೋಗುತ್ತದೆ, ಆದರೆ ಅಂತರಜಾಲದಲ್ಲೂ ದೂರು ಸಲ್ಲಿಸಬಹುದು. ಹಾಗೆ ದೂರು ಕೊಡುವಾಗ ಕೈಯಲ್ಲಿ ಬೇಕಾದದ್ದು ಅಂಗಡಿಯವರ ಬರಹದ ಚೀಟಿ. ಅದಕ್ಕೇ ಅದನ್ನು ಕೇಳಿ ಪಡೆಯಿರಿ ಎನ್ನುವುದು.

ಕಾನೂನು ಬರುವವರೆಗೆ ಊರಿನಲ್ಲೇ ಮಾಡಬಹುದಾದದ್ದೂ ಇದೆ. ಮಧ್ಯವರ್ತಿಗಳ ಕೈಯಿಂದ ಅಡಿಕೆಯನ್ನು ಬಿಡಿಸಲು 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ ಸೀಮೆ ಇದು. ಇಲ್ಲಿ ಊರೂರಿಗೆ ಸೇವಾ ಸಹಕಾರಿ ಸಂಘಗಳಿವೆ. ಗೊಬ್ಬರ, ಮೈಲುತುತ್ತ, ದೋಟಿ ಎಲ್ಲ ಅಲ್ಲಿ ಸಿಗುತ್ತದೆ. ಅದೇ ಕಟ್ಟಡದ ಒಂದು ಮೂಲೆಯಲ್ಲಿ ವಾರಕ್ಕೊಂದು ದಿನ, ತಾಲ್ಲೂಕಿನ ಐಟಿಐನಲ್ಲಿ ಕಲಿತ ಒಬ್ಬ ಹುಡುಗನೋ ಹುಡುಗಿಯೋ ಒಂದು ಹೊರಗಿನ ಮೈಕು, ಒಂದು ಹೆಡ್‌ಸೆಟ್, ಉಬುಂಟು ಇರುವ ಪೆನ್‌ಡ್ರೈವ್, ಒಂದು ಬ್ರಷ್ಷು, ಒಂದು ಸ್ಕ್ರೂಡ್ರೈವರ್ ಸೆಟ್ಟು ಇಟ್ಟುಕೊಂಡು ಕೂರಲಿ. ದೋಷ ಯಾವುದೆಂದು ಹುಡುಕಿ, ಸಂಘದ ಮುದ್ರೆಯಿರುವ ಕಾಗದದಲ್ಲಿ ಬರೆದು ಕೊಟ್ಟರೆ ಸಾಕು. ರಿಪೇರಿಯನ್ನು ಸದಸ್ಯರು ಬೇಕಾದಲ್ಲಿ ಮಾಡಿಸಿಕೊಳ್ಳಲಿ. ನಾನು ಸದಸ್ಯೆಯಾಗಿರುವ ಸಂಘಕ್ಕೆ ಈ ಬಗ್ಗೆ ಅರ್ಜಿ ಬರೆದಿಟ್ಟಿದ್ದೇನೆ. ಮಳೆಗಾಲ ಇಳಿಯುವ ಹೊತ್ತಿಗೆ ನಡೆಯುವ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಅದನ್ನು ಓದುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೇರೆ ಸಂಘಗಳ ಸದಸ್ಯರೂ ತಮ್ಮ ತಮ್ಮ ಸಭೆಯಲ್ಲಿ ಇದನ್ನು ಎತ್ತಬೇಕು. ಅರ್ಜಿಯ ಪ್ರತಿ ಬೇಕಾದವರು ಶನಿವಾರದ ಪಾಠ ಮುಗಿದ ಮೇಲೆ, ಅಂದರೆ ಒಂಬತ್ತು ಗಂಟೆಯ ನಂತರ, ನಮ್ಮ ಜಗಲಿಗೆ ಬರಬಹುದು. ಬರುವಾಗ ಕೆಟ್ಟಿದೆ ಎನ್ನುವ ಲ್ಯಾಪ್‌ಟಾಪ್ ಇದ್ದರೆ ಅದನ್ನೂ ಚಾರ್ಜರ್ ಸಮೇತ ತನ್ನಿ.